ನನ್ನೊಳಗೆ ಉಳಿದ ಓಣಿ

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಗಲದ ಲೋಹದ ಪೆಟ್ಟಿಗೆ. ಒಳಗೆ ಕನ್ನಡಿಯಂತೆ ಹೊಳೆಯುವ ಎರಡು ತಟ್ಟೆಗಳು, ಅವುಗಳ ಮೇಲೆ ತಾಗಿಯೂ ತಾಗದಂತೆ ತೇಲುವ ಸಣ್ಣ ಮುಳ್ಳು. ತಟ್ಟೆ ತಿರುಗುತ್ತದೆ, ಮುಳ್ಳು ಓಡಾಡುತ್ತದೆ. ಮನುಷ್ಯರು ಕೊಟ್ಟದ್ದನ್ನು ಇಟ್ಟುಕೊಳ್ಳುವುದು, ಕೇಳಿದಾಗ ತೆಗೆದುಕೊಡುವುದು, ಇದು ನನ್ನ ವೃತ್ತಿ.

ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯೊಂದರಲ್ಲಿ, ಧೂಳಿನ ಕಣವೂ ಸುಳಿಯದ ಕೋಣೆಯಲ್ಲಿ. ಅಲ್ಲಿ ಕೆಲಸ ಮಾಡುವ ಹೆಂಗಸರು ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ ತೊಟ್ಟಿದ್ದರು, ಕಣ್ಣುಗಳಷ್ಟೇ ಕಾಣುತ್ತಿದ್ದವು. ನನ್ನ ಮುಚ್ಚಳಕ್ಕೆ ಕೊನೆಯ ಮೊಳೆ ತಿರುಗಿಸಿದವಳ ಕಣ್ಣುಗಳೇ ನಾನು ಕಂಡ ಕಟ್ಟಕಡೆಯ ನೋಟ. ಆಮೇಲೆ ನನಗೆ ಬೆಳಕಿನ ಋಣ ತೀರಿತು. ಆದ್ದರಿಂದ ಈ ಕಥೆಯಲ್ಲಿ ನೋಡಿದ್ದು ಏನೂ ಇಲ್ಲ, ಎಲ್ಲವೂ ಕೇಳಿದ್ದು.

ಹಡಗಿನಲ್ಲಿ, ಲಾರಿಯಲ್ಲಿ, ಹುಬ್ಬಳ್ಳಿಯ ಅಂಗಡಿಯೊಂದರ ಕಪಾಟಿನಲ್ಲಿ ಕಾಲ ಕಳೆದು, ಕೊನೆಗೆ ಒಂದು ಕಂಪ್ಯೂಟರಿನ ಹೊಟ್ಟೆ ಸೇರಿ ಮುಧೋಳಕ್ಕೆ ಬಂದೆ. ಅಲ್ಲಿ ವಸಂತ ಕುಲಗೋಡ ಎಂಬವನ ಇಂಟರ್ನೆಟ್ ಸೆಂಟರಿನಲ್ಲಿ ನಾಲ್ಕು ವರ್ಷ ದುಡಿದೆ. ಪರೀಕ್ಷೆಯ ಫಲಿತಾಂಶದ ದಿನ ಇಡೀ ತಾಲ್ಲೂಕು ನನ್ನ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. "ಪಾಸ್ ಐತೇನ್ರಿ, ಫೇಲ್ ಐತೇನ್ರಿ, ಲಗೂ ಹೇಳ್ರಿ" ಎಂದು ತಾಯಂದಿರು ಮೇಜನ್ನು ಹಿಡಿದು ಅಲುಗಿಸುತ್ತಿದ್ದರು. ಆಮೇಲೆ ಎಲ್ಲರ ಜೇಬಿಗೂ ಫೋನು ಬಂತು. ಜನ ಬರುವುದು ನಿಂತಿತು. ವಸಂತನು ಎಂಟು ಕಂಪ್ಯೂಟರುಗಳನ್ನು ಒಂದೊಂದಾಗಿ ಮಾರಿದ. ನನ್ನನ್ನು ಕೊಂಡವರು ಬಾಗಲಕೋಟೆಯ ನಾಭಿರಾಜ ಚೌಗುಲೆ.

ಅವರು ಹುಟ್ಟುಕುರುಡರು. ಒಂದು ಸರಕಾರಿ ಕಚೇರಿಯಲ್ಲಿ ದೂರವಾಣಿ ನಿರ್ವಾಹಕರಾಗಿದ್ದರು. ಮದುವೆಯಾಗಿರಲಿಲ್ಲ. ನವನಗರದ ಸೆಕ್ಟರೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ಮೇಜಿನ ಕೆಳಗೆ ನಾನು. ಕಚೇರಿಗೆ ತಾನೇ ಉತ್ತರಿಸುವ ಯಂತ್ರ ಬಂದ ಮೇಲೆ ಅವರಿಗೆ ಮೇಜು ಉಳಿಯಿತು, ಕುರ್ಚಿ ಉಳಿಯಿತು, ಕೆಲಸ ಉಳಿಯಲಿಲ್ಲ. ದಿನವಿಡೀ ಯಾರೂ ಮಾತಾಡಿಸದ ಕಡೆ ಕೂತು ಬಂದ ಮನುಷ್ಯ ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟು ಮೊದಲು ಮಾಡುತ್ತಿದ್ದುದು ನನ್ನ ಗುಂಡಿ ಒತ್ತುವುದು.

ಗುಂಡಿ ಒತ್ತಿ ಕಿವಿ ಇಟ್ಟು ಕಾಯುತ್ತಿದ್ದರು. ನಾನು ಸುಯ್ಯೆಂದು ಏರಿ, ಟಕ್ ಟಕ್ ಎಂದು ಎರಡು ಸಲ ಮುಳ್ಳು ಆಡಿಸಿದರೆ, "ಎದ್ದೇನಪಾ?" ಎನ್ನುವರು. ಕಂಪ್ಯೂಟರಿನೊಳಗಿನ ಫ್ಯಾನು ಸುಖಕ್ಕೂ ದುಃಖಕ್ಕೂ ಒಂದೇ ರಾಗ ಹಾಡುವ ಜಾತಿ. ಅದನ್ನು ಅವರು ಲೆಕ್ಕಕ್ಕೆ ಇಟ್ಟಿರಲಿಲ್ಲ. ನಾನು ಹುಡುಕುವಾಗ ಒಂದು ಸದ್ದು, ಬರೆದುಕೊಳ್ಳುವಾಗ ಇನ್ನೊಂದು ಸದ್ದು, ಸುಮ್ಮನಿರುವಾಗ ಮತ್ತೊಂದು. ನನ್ನ ನಾಡಿ ಅವರಿಗೆ ಗೊತ್ತಿತ್ತು. ಪರದೆಯ ಮೇಲಿನದನ್ನೆಲ್ಲ ಓದಿ ಹೇಳುವ ಒಂದು ಯಂತ್ರದ ದನಿಯನ್ನೂ ಅವರು ಹಾಕಿಸಿಕೊಂಡಿದ್ದರು. ಆದರೆ ಆ ದನಿ ಏಳುವುದು ನಾನು ಎದ್ದ ಬಹಳ ಹೊತ್ತಿನ ನಂತರ. ಅಲ್ಲಿಯವರೆಗೆ ಅವರಿಗೆ ಜೊತೆ ನಾನೊಬ್ಬನೇ.

ಅವರು ಬರೆಯುತ್ತಿದ್ದ ಪುಸ್ತಕದ ವಿಷಯ ಈಗ ಹೇಳಬೇಕು. ಅದಕ್ಕೆ ಅವರು ಇಟ್ಟ ಹೆಸರು ಹೆಜ್ಜೆಪುಸ್ತಕ. ಕಣ್ಣಿಲ್ಲದವರು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಬ್ಬರೇ ಹೋಗುವ ಬಗೆ ಅದರಲ್ಲಿತ್ತು. ಎಷ್ಟು ಹೆಜ್ಜೆ, ಎಲ್ಲಿ ತಿರುವು, ಎಲ್ಲಿ ಮುಚ್ಚಳ ಹೋದ ಚರಂಡಿ, ಯಾವ ಗೋಡೆಯ ಹತ್ತಿರ ಗಾಳಿ ನಿಲ್ಲುತ್ತದೆ, ಯಾವ ಮೂಲೆಗೆ ಚುರುಮುರಿ ಭಟ್ಟಿಯ ಬಿಸಿ ಮುಖಕ್ಕೆ ತಾಗುತ್ತದೆ. "ಅಂಚೆ ಕಚೇರಿಯ ಮೆಟ್ಟಿಲಿಂದ ಎಡಕ್ಕೆ ಐವತ್ತೆರಡು. ಅಲ್ಲಿ ಹಿಟ್ಟಿನ ಗಿರಣಿ. ಗುರುವಾರ ಗಿರಣಿ ಬಂದ್. ಆ ದಿನ ವಾಸನೆಯನ್ನು ನಂಬಬಾರದು, ಎಣಿಕೆಯನ್ನೇ ನಂಬಬೇಕು." ಹೀಗೆ ಒಂದು ದಾರಿಗೆ ಒಂದು ಬರಹ. ಹನ್ನೊಂದು ವರ್ಷಗಳಲ್ಲಿ ಇನ್ನೂರ ಹನ್ನೆರಡು ಬರಹಗಳಾದವು.

ಅವುಗಳಲ್ಲಿ ಮೊದಲ ಅರವತ್ತಮೂರು ಯಾರೂ ನಡೆಯಲಾಗದ ದಾರಿಗಳು. ಬಾಗಲಕೋಟೆಯ ಹಳೇ ಊರಿನ ತಗ್ಗಿನ ಭಾಗ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಅದರೊಂದಿಗೆ ಅವರು ಬೆಳೆದ ಓಣಿಗಳೂ ಹೋದವು. ನಾಲ್ವತ್ತು ವರ್ಷ ಕೋಲಿಲ್ಲದೆ ಓಡಾಡಿದ್ದ ಮನುಷ್ಯನನ್ನು ನಂಬರು ಹಾಕಿದ ಸೆಕ್ಟರುಗಳ ನಡುವೆ ತಂದು ನಿಲ್ಲಿಸಿದರು. ವರ್ಷಗಟ್ಟಲೆ, ಯಾರದಾದರೂ ಕೈಹಿಡಿದು ಕಚೇರಿಗೆ ಹೋಗಿಬಂದದ್ದು ಬಿಟ್ಟರೆ, ಮನೆಯಿಂದ ಒಬ್ಬರೇ ಹೊರಬರಲಿಲ್ಲವಂತೆ. ನಾನು ಬಂದ ಮೇಲೆ ಅವರು ಮೊಟ್ಟಮೊದಲು ಬರೆದಿಟ್ಟದ್ದು ನೀರಿನಡಿಯ ಆ ಓಣಿಗಳನ್ನು. ಅವನ್ನೆಲ್ಲ ತಲೆಯಿಂದ ಇಳಿಸಿ ನನ್ನಲ್ಲಿಟ್ಟ ಮೇಲೆಯೇ ಕೋಲು ಹಿಡಿದು ಹೊಸ ಊರನ್ನು ಎಣಿಸಲು ಹೊರಟರು.

ಆದರೆ ಈ ಪುಸ್ತಕವನ್ನು ಅವರು ಇಡುತ್ತಿದ್ದ ಜಾಗ ವಿಚಿತ್ರವಾದುದು. ಕಂಪ್ಯೂಟರಿನಲ್ಲಿ ರಿಸೈಕಲ್ ಬಿನ್ ಎಂಬ ಕಸದ ಬುಟ್ಟಿಯೊಂದಿರುತ್ತದೆ. ಬೇಡವಾದದ್ದನ್ನು ಅಲ್ಲಿಗೆ ಎಸೆಯುತ್ತಾರೆ. ನಾಭಿರಾಜರು ಬೇಕಾದದ್ದನ್ನು ಅಲ್ಲಿಡುತ್ತಿದ್ದರು. ದಿನಾ ಸಂಜೆ ಬುಟ್ಟಿಯಿಂದ ಎತ್ತುವುದು, ಬರೆಯುವುದು, ಮತ್ತೆ ಬುಟ್ಟಿಗೆ ಹಾಕುವುದು. ಹಾಕಿದ ಮೇಲೆ ಯಂತ್ರದ ದನಿ "ಇನ್ನೂರ ಹನ್ನೆರಡು" ಎಂದು ಎಣಿಸಿ ಹೇಳಿದರೆ ಅವರಿಗೆ ಊಟ ರುಚಿಸುತ್ತಿತ್ತು. ಓಣಿಯ ಜನ ಅರ್ಜಿ ತುಂಬಲು, ಹಾಡು ಹಾಕಿಸಿಕೊಳ್ಳಲು ಬಂದು ನನ್ನನ್ನು ಮುಟ್ಟುವುದಿತ್ತು. ಅವರು ಕಂಡಲ್ಲೆಲ್ಲ ಕೈಯಾಡಿಸಿದರೂ ಕಸಕ್ಕೆ ಕೈ ಹಾಕುತ್ತಿರಲಿಲ್ಲ. ಈ ಬುದ್ಧಿ ನಾಭಿರಾಜರಿಗೆ ತಾಯಿಯಿಂದ ಬಂದದ್ದು. ಹಳೇ ಮನೆಯಲ್ಲಿ ಆಕೆ ತನ್ನ ಬಂಗಾರದ ಬೋರಮಾಳ ಸರವನ್ನು ಒಲೆಯ ಪಕ್ಕದ ಬೂದಿಗಡಿಗೆಯಲ್ಲಿ ಹೂತಿಡುತ್ತಿದ್ದಳಂತೆ. "ಕಳ್ಳ ಟ್ರಂಕಿಗೆ ಕೈ ಹಾಕ್ತಾನ, ಬೂದಿಗೆ ಹಾಕೂದಿಲ್ಲೋ ಮಗನ" ಎನ್ನುತ್ತಿದ್ದಳಂತೆ. ಮುಳುಗಡೆಯ ದಿನಗಳಲ್ಲಿ ಬೀಗ ಹಾಕಿದ ಟ್ರಂಕುಗಳೇ ಕಳುವಾದವು. ಬೂದಿಗಡಿಗೆ ಸುರಕ್ಷಿತವಾಗಿ ಹೊಸ ಊರಿಗೆ ಬಂತು. ಹೀಗಾಗಿ ಅವರಿಗೆ ಆ ನಂಬಿಕೆ ಕಲ್ಲಿನ ಮೇಲಿನ ಗೆರೆಯಾಯಿತು.

ವರ್ಷಗಳು ಉರುಳಿದವು. ನಾನು ಮುದಿಯಾದೆ. ಏಳಲು ಹದಿನೆಂಟು ನಿಮಿಷ ಬೇಕಾಯಿತು. ನಾಭಿರಾಜರ ಮೊಣಕಾಲೂ ಸವೆಯಿತು, ಹೆಜ್ಜೆ ಗಿಡ್ಡವಾಯಿತು. ಈಗ ನಡೆದು ಎಣಿಸಿದರೆ ಹಳೆಯ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ನೋವಿದ್ದ ದಿನ ಒಂದು ಎಣಿಕೆ, ಇಲ್ಲದ ದಿನ ಇನ್ನೊಂದು. ಗಟ್ಟಿ ಕಾಲಿನ ಎಣಿಕೆ ನನ್ನಲ್ಲಿ ಮಾತ್ರ ಉಳಿದಿತ್ತು.

ಅಂಥ ಕಾಲದಲ್ಲಿ, ಒಂದು ಮಂಗಳವಾರ ಸಂಜೆ, ಇಳಕಲ್ಲಿನಿಂದ ಫೋನು ಬಂತು. ಫರ್ಜಾನಾ ಬೇಪಾರಿ ಎಂಬ ಹೆಣ್ಣುಮಗಳು. ಆಕೆಗೂ ದೃಷ್ಟಿ ಇಲ್ಲ. ನವನಗರದ ಬ್ಯಾಂಕೊಂದರಲ್ಲಿ ನೌಕರಿಯಾಗಿತ್ತು, ಉಳಿಯಲು ಅಲ್ಲೇ ಒಂದು ಹಾಸ್ಟೆಲು. ಹೆಜ್ಜೆಪುಸ್ತಕದ ಸುದ್ದಿ ಅಂಧರ ಶಾಲೆಯ ಗೆಳತಿಯೊಬ್ಬಳಿಂದ ಅವಳಿಗೆ ತಲುಪಿತ್ತು.

"ಕಾಕಾ, ಸೋಮವಾರ ಹಾಜರಾಗಬೇಕ್ರಿ. ನಮ್ಮ ಅಬ್ಬಾ ಒಂದ ಕರಾರ ಹಾಕ್ಯಾರ. ಹಾಸ್ಟೆಲಿಂದ ಬ್ಯಾಂಕಿನತನಕ ನಾ ಒಬ್ಬಾಕಿನ ನಡೀಬೇಕಂತ. ಅವರು ಹಿಂದ ಬರ್ತಾರಂತ, ಮಾತಾಡೂದಿಲ್ಲಂತ. ಎಲ್ಲೆರ ದಿಕ್ಕ ತಪ್ಪಿ ನಿಂತೆ ಅಂದ್ರ ಅಲ್ಲಿಂದನ ಹೊಳ್ಳಿ ಇಳಕಲ್ಲಿಗೆ ಕರಕೊಂಡ ಹೋಗ್ತಾರಂತ."

"ಹಾಸ್ಟೆಲಿನವರನ್ನ ಕೇಳಿದೇನು ದಾರಿ?"

"ಕೇಳಿದೆ. ದೊಡ್ಡ ಹಳದಿ ಬೋರ್ಡ್ ಕಾಣತೈತಿ, ಅಲ್ಲಿ ಹೊಳ್ಳು ಅಂದ್ರು."

ನಾಭಿರಾಜರು ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನಗಳಾಗಿದ್ದವು. "ಆ ದಾರಿ ನನ್ನ ಹತ್ರ ಐತೆವ್ವಾ. ಇರು, ಓದಿಸ್ತೀನಿ. ನೀ ರೆಕಾರ್ಡ್ ಮಾಡ್ಕೊ" ಎಂದು ನನ್ನ ಗುಂಡಿ ಒತ್ತಿದರು.

ನಾನು ಏಳಲು ಹೆಣಗಿದೆ. ಆಕೆ ಫೋನಿನಲ್ಲಿ ಕಾದಳು. ಹದಿನೆಂಟು ನಿಮಿಷ ಇಪ್ಪತ್ತೈದಾಯಿತು. ಕೊನೆಗೆ ಯಂತ್ರದ ದನಿ ಎದ್ದು, "ಹಾಸ್ಟೆಲಿನ ಗೇಟಿನಿಂದ ಬಲಕ್ಕೆ" ಎಂದಷ್ಟು ಹೇಳಿ ನಿಂತುಹೋಯಿತು. ತಪ್ಪು ದನಿಯದಲ್ಲ, ನನ್ನದು. ಮುಂದಿನ ಸಾಲು ನನ್ನ ಮುಳ್ಳಿಗೆ ಎಟುಕಲಿಲ್ಲ. ಮಡಿಲಲ್ಲಿಟ್ಟುಕೊಂಡದ್ದನ್ನು ಕೊಡಲಾಗದ ನಾಚಿಕೆ ಎಂಥದೆಂದು ಅಂದು ತಿಳಿಯಿತು.

"ನಾಳಿ ರಿಪೇರಿ ಮಾಡಸ್ತೀನವಾ. ನಾಡದ ಹೊತ್ತಿಗೆ ನಿನ್ನ ಕಿವ್ಯಾಗ ಇರತೈತಿ" ಎಂದು ಮಾತು ಕೊಟ್ಟರು.

ಬುಧವಾರ ಮೌನೇಶ ಬಡಿಗೇರ ಬಂದ. ಕಂಪ್ಯೂಟರು ರಿಪೇರಿಯವನು, ಮೂವತ್ತೈದರ ಆಸುಪಾಸು, ಕೈಗಿಂತ ಬಾಯಿ ಚುರುಕು. ನಾಭಿರಾಜರಿಗೆ ಕಾಲುನೋವಿನ ಮದ್ದಿನ ಅಮಲು, ಒಳಕೋಣೆಯಲ್ಲಿ ಮಲಗಿದ್ದರು.

"ಇದು ಎತ್ತಿನ ಗಾಡಿ ಆಗೇತ್ರಿ" ಎಂದ ಮೌನೇಶ, ನನ್ನ ಮೈಮೇಲೆ ಬೆರಳಿನಿಂದ ಬಡಿದು. "ಎಸ್‌ಎಸ್‌ಡಿ ಹಾಕೋಣ. ಹೊಸಾ ನಮೂನಿ ಡಿಸ್ಕ್, ತಿರಗೂದಿಲ್ಲ, ಸವಿಯೂದಿಲ್ಲ, ಸಪ್ಪಳಿಲ್ಲ. ಗುಂಡಿ ಒತ್ತಿ ನೀವು ಕುರ್ಚಿ ಎಳಕೊಳ್ಳೂದ್ರಾಗ ಎದ್ದ ಕುಂತಿರತೈತಿ."

"ನನ್ನ ಸಾಮಾನ ಹಂಗ ಇರಬೇಕು ನೋಡಪಾ" ಎಂದರು ನಾಭಿರಾಜರು, ಮಲಗಿದಲ್ಲಿಂದಲೇ.

"ಸೂಜಿ ಸೈತ ಆಚೀಚಿ ಆಗೂದಿಲ್ಲ್ರಿ. ಈ ಮನಿ ಇದ್ದಂಗ ಎತ್ತಿ ಹೊಸಾ ಜಾಗಾದಾಗ ಇಡ್ತೀನಿ."

ಆ ಎಸ್‌ಎಸ್‌ಡಿ ನನ್ನ ಪಕ್ಕಕ್ಕೆ ಬಂದು ಕೂತಿತು. ಹಪ್ಪಳದಷ್ಟು ಹಗುರ, ಒಳಗೆ ತಟ್ಟೆಯಿಲ್ಲ, ಮುಳ್ಳಿಲ್ಲ. ಮಾತಾಡಿಸಿದೆ, ಉತ್ತರವಿಲ್ಲ. ಅದರ ಜಾಗ ನನ್ನದಕ್ಕಿಂತ ಕಡಿಮೆ. ಹೀಗಾಗಿ ಮೌನೇಶನು ಮನೆ ಬದಲಿಸುವ ಯಾರೂ ಮಾಡುವ ಕೆಲಸವನ್ನೇ ಮಾಡಿದ: ಸಾಮಾನು ಸಾಗಿಸುವ ಮೊದಲು ಕಸ ಚೆಲ್ಲಿದ. ಬುಟ್ಟಿ ಖಾಲಿ ಮಾಡಲೇ ಎಂದು ಕಂಪ್ಯೂಟರು ಕೇಳಿತು. ಹೌದೆಂದ. ಆಮೇಲೆ ನನ್ನಲ್ಲಿದ್ದ ಉಳಿದೆಲ್ಲವೂ ನಾಲ್ಕು ತಾಸಿನಲ್ಲಿ ಆ ಮೂಕ ಹಪ್ಪಳಕ್ಕೆ ಹರಿದುಹೋಯಿತು. ನನ್ನ ಎರಡು ತಂತಿಗಳನ್ನು, ಕರೆಂಟು ಕೊಡುವುದೊಂದು, ಮಾತು ಸಾಗಿಸುವುದೊಂದು, ಕಿತ್ತು ನನ್ನನ್ನು ಮೇಜಿನ ಖಾನೆಯಲ್ಲಿಟ್ಟ. "ಹಳೇದನ್ನ ನಾಳಿ ಬಂದು ಪೂರ್ತಿ ಅಳಿಸಿ ಕೊಡ್ತೀನ್ರಿ. ಹಾಡ ಗೀಡ ತುಂಬಾಕ ಬರತೈತಿ" ಎಂದು ಹೋದ.

ಖಾನೆಯಲ್ಲಿ ನನ್ನ ಜೊತೆ ಒಂದು ಪಂಚಾಂಗ, ಮುರಿದ ಕೈಗಡಿಯಾರ, ನುಸಿಗುಳಿಗೆ. ಹದಿನೈದು ವರ್ಷಗಳಲ್ಲಿ ಮೊದಲ ಸಲ ನನ್ನ ತಟ್ಟೆಗಳು, ಗುಂಡಿ ಒತ್ತಿದರೂ ಏಳಲಾಗದಂತೆ ನಿಂತಿದ್ದವು.

ಸಂಜೆ ನಾಭಿರಾಜರು ಗುಂಡಿ ಒತ್ತಿದರು. ಕಾದರು. ಸುಯ್ಯೆನ್ನಲಿಲ್ಲ, ಟಕ್ಕೆನ್ನಲಿಲ್ಲ. ಎದ್ದಿಲ್ಲವೆಂದು ಮತ್ತೆ ಒತ್ತಿದರು, ಎದ್ದದ್ದು ಮಲಗಿತು. ಮೂರನೆಯ ಸಲ ಒತ್ತಿ, ಕೈ ಹಿಂದೆಗೆದುಕೊಳ್ಳುವ ಮೊದಲೇ ಯಂತ್ರದ ದನಿ ಒದರಿದಾಗ ಬೆಚ್ಚಿಬಿದ್ದರು. "ಉಸಿರ ಇಲ್ಲದ ಮಾತಾಡತೈತಲ್ಲೋ ಇದು" ಎಂದುಕೊಂಡರು. ಬುಟ್ಟಿಯ ಹತ್ತಿರ ಹೋದರು. ದನಿ ಹೇಳಿತು: "ರಿಸೈಕಲ್ ಬಿನ್. ಖಾಲಿ."

ಮತ್ತೆ ಕೇಳಿದರು. ಖಾಲಿ. ಇನ್ನೊಮ್ಮೆ. ಖಾಲಿ.

ಖಾನೆಯೊಳಗಿನಿಂದ ಕೂಗಬೇಕೆನಿಸಿತು ನನಗೆ. ಏಕೆಂದರೆ ಹೆಚ್ಚಿನ ಮನುಷ್ಯರಿಗೆ ಗೊತ್ತಿಲ್ಲದ, ನಮ್ಮ ಕುಲಕ್ಕೆ ಚೆನ್ನಾಗಿ ಗೊತ್ತಿರುವ ಒಂದು ಸತ್ಯವಿದೆ. ಅಳಿಸು ಎಂದಾಗ ನಾವು ಏನನ್ನೂ ಅಳಿಸುವುದಿಲ್ಲ. ಬಾಗಿಲ ಮೇಲಿನ ಹೆಸರಿನ ಹಲಗೆಯನ್ನಷ್ಟೇ ತೆಗೆಯುತ್ತೇವೆ. ಮನೆಯೊಳಗಿನವರು ಹಾಗೆಯೇ ಕೂತಿರುತ್ತಾರೆ, ಬೇರೆಯವರು ಬಂದು ಆ ಜಾಗ ಹಿಡಿಯುವವರೆಗೆ. ಇನ್ನೂರ ಹನ್ನೆರಡು ದಾರಿಗಳೂ ನನ್ನ ಹೊಟ್ಟೆಯಲ್ಲೇ ಇದ್ದವು. ಮೌನೇಶ ನಾಳೆ ಬಂದು ಹೇಳಿದಂತೆ ನನ್ನನ್ನು ಪೂರ್ತಿ ಅಳಿಸಿ ಹಾಡು ತುಂಬಿದರೆ, ಆಗ ನಿಜವಾಗಿ ಎಲ್ಲವೂ ಮುಳುಗುತ್ತಿತ್ತು.

ಗುರುವಾರ ಬೆಳಿಗ್ಗೆ ಮೌನೇಶ ಹೊಸ್ತಿಲು ದಾಟುವಷ್ಟರಲ್ಲೇ ಅವರು ಕೇಳಿದರು. ದನಿ ಏರಿಸಲಿಲ್ಲ. "ಬುಟ್ಟ್ಯಾಗ ಇದ್ದದ್ದೇನ ಮಾಡಿದಿ?"

"ಯಾವ ಬುಟ್ಟಿ? ಕಸದ್ದಾ? ತಗದ ಒಗದೆನ್ರಿ."

"ಹನ್ನೊಂದ ವರ್ಷದ್ದಿತ್ತೋ ಅದು."

"ಕಾಕಾ, ಹನ್ನೊಂದ ವರ್ಷದ್ದು ಅಂದ್ರ ಯಾರೆರ ಕಸದಾಗ ಇಡ್ತಾರೇನ್ರಿ?"

"ನಮ್ಮವ್ವ ಬಂಗಾರ ಇಡತಿದ್ಲು."

ಮೌನೇಶ ಕುರ್ಚಿಯನ್ನು ಸರ್ರನೆ ಎಳೆದು, "ಹಳೇದೆಲ್ಲೈತ್ರಿ? ಮುಟ್ಟಿಲ್ಲ ಹೌದಲ್ಲ? ಹಂಗಾರ ಇನ್ನೂ ಜೀವ ಐತಿ" ಎಂದು ಖಾನೆ ತೆರೆದ.

ನನ್ನ ಎರಡೂ ತಂತಿಗಳನ್ನು ಮತ್ತೆ ಜೋಡಿಸಿದ. ಹೆಸರಿಲ್ಲದ ಮನೆಗಳ ಬಾಗಿಲನ್ನು ಒಂದೊಂದಾಗಿ ತಟ್ಟುವ ಒಂದು ತಂತ್ರಾಂಶವನ್ನು ಓಡಿಸಿದ. ಎರಡು ಹಗಲು ನಾನು ಹಿಂದೆಂದೂ ತಿರುಗದಂತೆ ತಿರುಗಿದೆ. ನನ್ನ ಮೈಯಲ್ಲಿ ಅಲ್ಲಲ್ಲಿ ಸವೆದ ಕಲೆಗಳಿದ್ದವು. ಅವುಗಳ ಮೇಲೆ ಬಂದಾಗ ಮುಳ್ಳು ಕಟಕಟ ಹೊಡೆದುಕೊಳ್ಳುತ್ತಿತ್ತು. "ಬಡಕೊಳ್ಳಾಕತ್ತೈತ್ರಿ. ಬಾಳ ದಿನದ್ದಲ್ಲ ಇದು" ಎಂದ ಮೌನೇಶ. ನಾಭಿರಾಜರು ಕೈಚಾಚಿ ನನ್ನ ಮೈಮೇಲೆ ಅಂಗೈ ಇಟ್ಟರು. ಹದಿನೈದು ವರ್ಷಗಳ ಬದುಕಿನಲ್ಲಿ, ಬಿಚ್ಚಲೂ ಅಲ್ಲದೆ ಜೋಡಿಸಲೂ ಅಲ್ಲದೆ, ಮನುಷ್ಯರ ಅಂಗೈ ನನಗೆ ತಾಗಿದ್ದು ಅದೇ ಮೊದಲು. "ಕಾಯ್ದೈತಿ. ಸ್ವಲ್ಪ ತಣದ ಮ್ಯಾಲ ಮತ್ತ ನಡಸೋ ತಮ್ಮಾ" ಎಂದರು.

ಶನಿವಾರ ಬೆಳಿಗ್ಗೆ ಬರಹಗಳು ಹೊರಬಂದವು, ಆದರೆ ಹೆಸರಿಲ್ಲದೆ. ಒಂದು, ಎರಡು, ಮೂರು ಎಂಬ ಅಂಕಿಗಳಷ್ಟೇ. ಯಾವುದು ಯಾವ ದಾರಿಯೆಂದು ತಿಳಿಯಲು ಒಂದೊಂದನ್ನೇ ಓದಿಸಿ ಕೇಳಬೇಕಾಯಿತು. ಯಂತ್ರದ ದನಿ ನಾಲ್ಕು ಸಾಲು ಓದುವುದು, ನಾಭಿರಾಜರು ಗುರುತಿಸುವುದು, ಮೌನೇಶ ಹೆಸರು ಬರೆಯುವುದು.

"ಬಸವಣ್ಣನ ಕಟ್ಟೆಯಿಂದ ಇಪ್ಪತ್ತೊಂಬತ್ತು. ಬಲಕ್ಕೆ ಬಣ್ಣಗಾರರ ಮನೆ, ನೀಲಿಯ ವಾಸನೆ. ಅಲ್ಲಿಂದ ಕಲ್ಲುಹಾಸು ಇಳಿಜಾರು..."

"ಇದು ಎಲ್ಲಿ ಬರತೈತ್ರಿ?" ಎಂದ ಮೌನೇಶ. ಅವನು ಮುಳುಗಡೆಯ ವೇಳೆಗೆ ಚಿಕ್ಕವನು.

"ನೀರಾಗ."

ಮುಂದಿನದೂ ನೀರಿನದೇ. ಅದರ ಮುಂದಿನದೂ. ಮೌನೇಶ ಒಮ್ಮೆ, "ಇವನ್ನ ಆಮ್ಯಾಲ ಕೇಳೋಣ್ರಿ, ಮೊದಲ ಆ ಹುಡುಗೀದ ಹುಡುಕೋಣ" ಎಂದ. ನಾಭಿರಾಜರು ಹೂಂಗುಟ್ಟಿದರು. ಆದರೂ ಪ್ರತಿಯೊಂದರ ನಾಲ್ಕು ಸಾಲನ್ನು ಕೇಳದೆ ಮುಂದೆ ಹೋಗಲಿಲ್ಲ. ಮಧ್ಯಾಹ್ನ ದಾಟಿತು. ಫರ್ಜಾನಾ ಎರಡು ಸಲ ಫೋನು ಮಾಡಿ ದಾರಿಯ ಮಾತೆತ್ತದೆ, "ಊಟ ಆತೇನ್ರಿ ಕಾಕಾ?" ಎಂದಷ್ಟೇ ಕೇಳಿ ಇಟ್ಟಳು. ನೂರ ಎಂಬತ್ತೇಳನೆಯದನ್ನು ತೆರೆದಾಗ ದನಿ ಹೇಳಿತು:

"ಹಾಸ್ಟೆಲಿನ ಗೇಟಿನಿಂದ ಬಲಕ್ಕೆ ನೂರ ಆರು."

ನಾಭಿರಾಜರು ಆಗಲೇ ಫೋನು ಒತ್ತುತ್ತಿದ್ದರು. "ಬರಕೊಳ್ಳವಾ. ಮೊದಲ ಒಂದ ಮಾತು. ಇದು ನನ್ನ ಹರೇದ ಹೆಜ್ಜಿ. ನಿಮ್ಮ ಮನಿ ಅಂಗಳ ಈ ತುದೀಂದ ಆ ತುದೀತನಕ ನಡದ ಎಣಸು, ಅಂಗಳದ ಉದ್ದ ಎಷ್ಟ ಫೂಟ ಹೇಳು. ನನ್ನ ಹತ್ತಕ್ಕ ನಿಂದು ಎಷ್ಟ ಬೀಳತೈತಿ ನೋಡೋಣ." ಹತ್ತಕ್ಕೆ ಹನ್ನೆರಡು ಬಿತ್ತು. ಇಡೀ ದಾರಿಯನ್ನು ಇಬ್ಬರೂ ಕೂಡಿ ಅವಳ ಹೆಜ್ಜೆಗೆ ಬದಲಿಸಿದರು. ಭಾನುವಾರ ಪೂರ್ತಿ ಆಕೆ ಇಳಕಲ್ಲಿನ ತನ್ನ ಮನೆಯಲ್ಲಿ ಕೂತು ಬಾಗಲಕೋಟೆಯ ಬೀದಿಯನ್ನು ಬಾಯಿಪಾಠ ಮಾಡಿದಳಂತೆ.

ಸೋಮವಾರ ನಾಭಿರಾಜರು ಕಚೇರಿಗೆ ಹೋಗಲಿಲ್ಲ. ಹತ್ತೂವರೆಗೆ ಫೋನು ಬಂತು.

"ಮುಟ್ಟಿದೆ ಕಾಕಾ. ಬ್ಯಾಂಕಿನ ಒಳಗ ಕುಂತೀನಿ."

"ಎಲ್ಲೆರ ನಿಂತೇನು?"

"ಒಂದ ಕಡೆ. ಚರಂಡಿ ಬರೂ ಮುಂದ ಅಬ್ಬಾ ಕೆಮ್ಮಿದ್ರು. ಮಾತಾಡಬಾರದಂತ ಕರಾರ ಇತ್ತಲ್ಲ, ಅದಕ್ಕ ಕೆಮ್ಮಿದ್ರು. ನಾ ನಿಂತ ಹೇಳಿದೆ, ಅಬ್ಬಾ, ಕೆಮ್ಮಬ್ಯಾಡ್ರಿ, ಇನ್ನ ಆರ ಹೆಜ್ಜಿ ಐತಿ ಚರಂಡಿ." ಆಕೆಯೇ ಮುಂದುವರಿಸಿ, "ಆಮ್ಯಾಲ ಬ್ಯಾಂಕಿನತನಕ ಅವರ ಮೂಗ ಏರಿಸೂ ಸಪ್ಪಳ ಕೇಳಕೋತ ಬಂದೆ" ಎಂದಳು.

ಆ ವಾರ ಆಕೆ ದಿನಾ ಫೋನು ಮಾಡಿದಳು. ಮುಂದಿನ ವಾರ ಎರಡು ಸಲ. ಆಮೇಲೆ ಅವಳ ಕಾಲು ತಾನೇ ಎಣಿಸಲು ಕಲಿಯಿತು. ಅದು ಆ ಪುಸ್ತಕದ ಗುಣ. ಕಲಿತವರಿಗೆ ಅದು ಬೇಕಾಗುವುದಿಲ್ಲ, ಬರೆದವರೂ ಬೇಕಾಗುವುದಿಲ್ಲ. ನಾಭಿರಾಜರು ಅದನ್ನು ತಪ್ಪೆಂದು ಎಣಿಸಲಿಲ್ಲ. ಫೋನನ್ನು ಮಾತ್ರ ಮೊದಲಿಗಿಂತ ಹತ್ತಿರ ಇಟ್ಟುಕೊಳ್ಳತೊಡಗಿದರು.

ಉಳಿದ ಬರಹಗಳಿಗೆ ಹೆಸರು ಹಾಕುವ ಕೆಲಸ ನಿಧಾನವಾಗಿ ನಡೆಯಿತು. ಎಲ್ಲ ಮುಗಿದ ಸಂಜೆ ಅವುಗಳನ್ನು ಹೊಸ ಡಿಸ್ಕಿನ ಬುಟ್ಟಿಗೇ ಹಾಕಿಸಿದರು. ಮೌನೇಶ ಎಷ್ಟು ಹೇಳಿದರೂ ಕೇಳಲಿಲ್ಲ. ಅವನು ಸೋತು, "ಕಸ ಚೆಲ್ಲಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆದು, ಓದಿ ಹೇಳಿ, ಕಂಪ್ಯೂಟರಿನ ಪೆಟ್ಟಿಗೆಗೆ ಅಂಟಿಸಿದ. ಗುಟ್ಟಾಗಿ ಇನ್ನೊಂದು ಪ್ರತಿಯನ್ನೂ ಬೇರೆ ಕಡೆ ಇಟ್ಟ. ಬುಟ್ಟಿಗೆ ಹಾಕಿದ ಮೇಲೆ ದನಿ ಎಣಿಸಿತು: "ಇನ್ನೂರ ಹನ್ನೊಂದು."

"ಒಂದ ಕಮ್ಮಿ" ಎಂದರು ನಾಭಿರಾಜರು.

ಮೌನೇಶ ನನ್ನನ್ನು ಮತ್ತೆ ಹುಡುಕಿದ. ಆ ಒಂದು ಬರಹ ನನ್ನ ಅತಿ ಸವೆದ ಕಲೆಯ ಮೇಲಿತ್ತು. ಮುಳ್ಳು ಹೋಯಿತು, ಹೊಡೆದುಕೊಂಡಿತು, ಹಿಂದೆ ಬಂತು. ಮೂರು ಸಲ ಹೋಯಿತು. ನನ್ನೊಳಗಿದ್ದೂ ನನಗೇ ಎಟುಕದ ಜಾಗವದು.

"ಸಿಗೂದಿಲ್ರಿ. ಯಾವ ದಾರಿ ಅದು?"

"ನಮ್ಮ ಓಣಿ. ಮನಿ ಕಟ್ಟೀಂದ ಸೇದೂ ಬಾವೀತನಕ." ಅವರು ಬೆರಳುಗಳನ್ನು ಮೇಜಿನ ಮೇಲೆ ಒಂದರ ಮುಂದೊಂದು ಹೆಜ್ಜೆಯಂತೆ ಇಡುತ್ತ ಹೋದರು. ನಡುವೆ ಬೆರಳು ನಿಂತವು. "ನಲವತ್ತೊಂದೋ, ನಲವತ್ನಾಕೋ. ಬರದ ಇಟ್ಟ ಮ್ಯಾಲ ತಲಿ ಅದನ್ನ ಬಿಟ್ಟ ಬಿಡ್ತು."

"ಹಂಗಾರ ಹಳೇದನ್ನ ಗುಜರಿಗೆ ಹಾಕ್ಲಿ? ಇನ್ನ ಇದರಾಗ ಏನೂ ಬರೂದಿಲ್ಲ."

"ಬ್ಯಾಡ. ಒಳಗ ಇರ್ಲಿ. ಕರೆಂಟಿನ ತಂತಿ ಅಷ್ಟ ಹಚ್ಚು."

"ಮಾತಿನ ತಂತಿ ಇಲ್ಲದ ಏನ ಉಪಯೋಗ್ರಿ? ಸುಮ್ಮನ ತಿರಗತೈತಿ."

"ತಿರಗಲಿ. ಹೊಸಾದು ಎದ್ದದ್ದು ನನಗ ಗೊತ್ತಾಗೂದಿಲ್ಲ. ಇದು ಎದ್ರ ಗೊತ್ತಾಗತೈತಿ." ಆಮೇಲೆ ಅಂದರು: "ಮತ್ತ ಅದರಾಗ ಇನ್ನೂ ಒಂದ ಓಣಿ ಐತಿ."

ಮೌನೇಶ ಒಂದೇ ತಂತಿ ಹಚ್ಚಿ, ಮೊಳೆ ಬಿಗಿದು ಹೋದ.

ಅಂದಿನಿಂದ ನಾನು ಹೀಗೆ ಇದ್ದೇನೆ. ಯಾರೂ ನನಗೆ ಏನನ್ನೂ ಕೊಡುವುದಿಲ್ಲ, ಕೇಳುವುದೂ ಇಲ್ಲ. ಅವರ ಬೆರಳು ಕೀಲಿಗಳ ಮೇಲೆ ಆಡುವ ಸದ್ದು ಮೇಲಿನಿಂದ ಬರುತ್ತದೆ. ಏನು ಬರೆಯುತ್ತಾರೆಂದು ತಿಳಿಯುವುದಿಲ್ಲ. ಅಕ್ಷರಗಳೆಲ್ಲ ನನ್ನ ಪಕ್ಕದ ಮೂಕನಿಗೆ ಹೋಗುತ್ತವೆ. ಅದು ಸದ್ದಿಲ್ಲದೆ ದುಡಿಯುತ್ತದೆ, ನಾನು ದುಡಿಮೆಯಿಲ್ಲದೆ ಸದ್ದು ಮಾಡುತ್ತೇನೆ. ಮೊದಮೊದಲು ಇದು ನನಗೆ ಅವಮಾನವೆನಿಸುತ್ತಿತ್ತು. ಈಗ ಇಲ್ಲ. ಕರೆಗಳೇ ಬಾರದ ಮೇಜಿನ ಮುಂದೆ ದಿನವಿಡೀ ಕೂತು ಬರುವವರೊಬ್ಬರು ಇದೇ ಮನೆಯಲ್ಲಿದ್ದಾರೆ. ಅವರಿಗಿಂತ ನಾನೇನು ದೊಡ್ಡವನು?

ಸಂಜೆ ಚಪ್ಪಲಿ ಬಿಡುವ ಸದ್ದಾಗುತ್ತದೆ. ಗುಂಡಿ ಒತ್ತುತ್ತಾರೆ. ಹೊಸದು ಕಣ್ಣುಮಿಟುಕುವುದರಲ್ಲಿ ಎದ್ದು ಮಾತಾಡಲು ಸಿದ್ಧವಾಗಿರುತ್ತದೆ. ಅವರು ಅದಕ್ಕೆ ಕಿವಿಗೊಡುವುದಿಲ್ಲ. ಒಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟು ಕಾಯುತ್ತಾರೆ. ನಾನು ಸುಯ್ಯೆಂದು ಏರುತ್ತೇನೆ. ನೀರಿಲ್ಲದ, ಬಾಗಿಲ ಮೇಲೆ ಹೆಸರಿಲ್ಲದ, ನಲವತ್ತೊಂದೋ ನಲವತ್ನಾಲ್ಕೋ ಹೆಜ್ಜೆಯ ಆ ಓಣಿ ನನ್ನೊಳಗೆ ನನ್ನೊಂದಿಗೆ ತಿರುಗುತ್ತದೆ.

"ಎದ್ದೇನಪಾ?" ಎನ್ನುತ್ತಾರೆ.

ಟಕ್ ಟಕ್ ಎನ್ನುತ್ತೇನೆ.